ಸಾಲಿ ಸಲುವಾಗಿ ಬೆಳಗಾವಿ ಟಿಳಕವಾಡಿಯೊಳಗ ಮನಿ ಮಾಡಿ ಒಂದ ವರ್ಷ ಆತು, ನನ್ನ ರಿವ್ಯೂ

ಪೂರ್ತಿ ಓದಾಕ ಟೈಮ್ ಇಲ್ಲದವರಿಗೆ ಮೊದಲ ಸ್ಟಾರ್ ಹೇಳಿಬಿಡ್ತೇನಿ. ಏರಿಯಾಕ್ಕ ನಾಕು. ಸಾಲಿಗೆ ಮೂರೂವರಿ. ಮೊದಲ ಮನಿ ತೋರಿಸಿದ ಏಜಂಟಗ ಒಂದು, ಅದೂ ಚಾ ಕುಡಿಸಿದ್ದಕ್ಕ. ರಿಕ್ಷಾ ಮಾಮಾಗ ಐದಕ್ಕ ಐದು, ಆರು ಕೊಡಾಕ ಬರತಿದ್ರ ಆರು ಕೊಡ್ತಿದ್ದೆ.

ನಾವು ಬಾಗಲಕೋಟಿ ನವನಗರದವ್ರು. ಹ್ವಾದ ವರ್ಷ 2025ರ ಮೇ ತಿಂಗಳದಾಗ ನಮ್ಮ ಮನಿಯವ್ರಿಗೆ ಬೆಳಗಾವಿಗೆ ಟ್ರಾನ್ಸ್‌ಫರ್ ಆತು. ಮಗಳು ಎಂಟನೇತ್ತಾ, ಮಗ ಒಂದನೇತ್ತಾ. ಖಾಸಗಿ ಸಾಲಿಯವ್ರು ಫಾರ್ಮ್ ಕೊಡಾಕ ಚಾಲೂ ಮಾಡೂದು ನವೆಂಬರ್ ಡಿಸೆಂಬರ್‌ದಾಗ, ನೌಕ್ರಿ ಟ್ರಾನ್ಸ್‌ಫರ್ ಬರೂದು ಬ್ಯಾಸಗಿಯೊಳಗ, ಇವೆರಡೂ ಒಂದಕ್ಕೊಂದು ಭೆಟ್ಟಿ ಆಗೂದಿಲ್ಲ, ನಡುವ ನಮ್ಮಂಥವ್ರು ಉರಿಬಿಸಲಾಗ ಫೈಲ್ ಹಿಡ್ಕೊಂಡು ತಿರಗೂದು.

ನಮ್ಮ ಕಾಕಾನ ಮಗ ಒಬ್ಬಾಂವ ಅಮೆರಿಕಾದಾಗ ಟೆಕ್ಸಾಸ್‌ದಾಗ ಅದಾನ. ಅಂವಗ ಫೋನ್ ಹಚ್ಚಿದ್ರ "ಅಕ್ಕಾ, ಮೊದಲ ಸ್ಕೂಲ್ ಡಿಸ್ಟ್ರಿಕ್ಟ್ ನೋಡು, ಆಮ್ಯಾಲ ಮನಿ ನೋಡು" ಅಂದ. ಅಲ್ಲಿ ಹಂಗಂತ, ನಿಮ್ಮ ಮನಿ ಅಡ್ರೆಸ್ ಯಾ ಡಿಸ್ಟ್ರಿಕ್ಟಿಗೆ ಬರತೈತಿ ಅಲ್ಲಿ ಸರ್ಕಾರಿ ಸಾಲಿ ನಿಮಗ, ಆ ಸಾಲಿಗೆ ರೊಕ್ಕ ಬಾಳಷ್ಟು ಬರೂದು ಅಲ್ಲಿ ಮನಿಗೋಳ ಟ್ಯಾಕ್ಸ್‌ನಿಂದ, ಅದಕ್ಕ ಚೊಲೋ ಸಾಲಿ ಇದ್ದಲ್ಲೆ ಮನಿ ರೇಟೂ ಮ್ಯಾಲ. ನಾ ನಕ್ಕೆ. ನಮ್ಮಲ್ಲೂ ಶೈಕ್ಷಣಿಕ ಜಿಲ್ಲಾ ಅಂತ ಐತಪಾ, ಬೆಳಗಾವಿ ಜಿಲ್ಲಾದಾಗ ಎರಡ ಅದಾವು, ಬೆಳಗಾವಿ ಒಂದು ಚಿಕ್ಕೋಡಿ ಒಂದು, ಆದ್ರ ಅದನ್ನ ನೆನಸೂದು ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಅಷ್ಟ, ಮನಿ ಎಲ್ಲೆ ಮಾಡಿದ್ರೂ ಸಾಲಿ ಎಲ್ಲೆ ಬೇಕಾದ್ರೂ ಹಾಕಬಹುದು ಅಂದೆ. ನಕ್ಕಿದ್ದು ತಪ್ಪಾತು. ಮಾತು ಖರೇ ಇತ್ತು ಅಂವಂದು.

ಯಾಕಂದ್ರ ನಾವು ಮಾಡಿದ್ದು ಉಲ್ಟಾ, ಮೊದಲ ಮನಿ ನೋಡಿದ್ವಿ. ಏಜಂಟ್ ರೈಲ್ವೆ ಪಟ್ಟಿ ಆಚೆಕಡೆ ಒಂದು ಮನಿ ತೋರಿಸಿದ, ಎರಡು ಬೆಡ್‌ರೂಮು, ಹಿತ್ತಲದಾಗ ಮಾವಿನ ಗಿಡ, ನಮ್ಮ ಮನಿಯವ್ರು ಗಿಡ ನೋಡೇ ಮನಸು ಕೊಟ್ಟಬಿಟ್ರು. "ಸಾಲಿಗೋಳೆಲ್ಲಾ ಐದ ನಿಮಿಷರೀ ಮ್ಯಾಡಮ್" ಅಂದ. ಐದು ಸಾವಿರ ಟೋಕನ್ ಕೊಟ್ವಿ. ಮರುದಿನ ಮುಂಜಾನೆ ಎಂಟಕ್ಕ ನಾನು ಸುಮ್ನ ಸ್ಕೂಟಿ ತಗೊಂಡು ಅದೇ ದಾರಿ ಹೋಗಿ ನೋಡಿದೆ. ಗೇಟ್ ಹಾಕಿತ್ತು. ಬೆಳಗಾವಿ ಗೊತ್ತಿಲ್ಲದವರಿಗೆ ಹೇಳ್ತೇನಿ, ಕಾಂಗ್ರೆಸ್ ರೋಡಿನ ಬಾಜೂಕ ಲೋಂಡಾ-ಮೀರಜ್ ಲೈನ್ ಹೋಗೈತಿ, ಟಿಳಕವಾಡಿ ಕಡೆ ದಾಟಾಕ ಒಂದನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್ ಅಂತ ಅದಾವು, ಊರಾಗ ಅಡ್ರೆಸ್ ಹೇಳೂದೂ ಹಂಗ. ಮೂರನೇ ಗೇಟಿಗೆ ಈಗ ಮ್ಯಾಲ ಬ್ರಿಜ್ ಆಗೈತಿ, ಉಳಿದಕಡೆ ಗಾಡಿ ಬಂದ್ರ ನಿಲ್ಲಬೇಕು. ಒಂದು ಎಕ್ಸ್‌ಪ್ರೆಸ್ ಹೋತು, ಗೇಟ್ ತಗೀಲಿಲ್ಲ, ಆಮ್ಯಾಲ ಒಂದು ಗೂಡ್ಸ್ ಬಂತು, ಎಷ್ಟ್ ಡಬ್ಬಿ ಅಂತ ನನ್ನ ಬಾಜೂ ರಿಕ್ಷಾದಾಗಿನ ಹುಡುಗೂರು ಕೂಡಿ ಎಣಸಾಕತ್ತಿದ್ವು. ಅವಕ್ಕ ರೂಢಿ ಆಗಿತ್ತು ಅನಸ್ತೈತಿ. ನನಗ ಅಲ್ಲೆ ನಿಂತಲ್ಲೆ ಹೊಳೀತು, ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿನ ಗಡಿ ಅಂದ್ರ ಈ ಗೇಟ್.

ಟೋಕನ್ ವಾಪಸ್ ಬರಲಿಲ್ಲ. ಮಾವಿನ ಗಿಡದ ಮಾತು ಇನ್ನೂ ಮನ್ಯಾಗ ಬರತಿರತೈತಿ.

ಆಮ್ಯಾಲ ಸಾಲಿ ಹುಡಕಾಕ ಬಿದ್ವಿ. ಹೆಸರು ಹಾಕಂಗಿಲ್ಲ, ದಯವಿಟ್ಟು ಕೇಳಬ್ಯಾಡ್ರಿ, ಒಬ್ಬರ ಅನುಭವದಿಂದ ಸಾಲಿ ಹೆಸರು ಕೆಡಿಸೂದೂ ಬ್ಯಾಡ ಏರಿಸೂದೂ ಬ್ಯಾಡ. ಒಂದು ಕಡೆ ಬೋರ್ಡ್ ಮ್ಯಾಲೆ ದೊಡ್ಡದಾಗಿ ಸಿಬಿಎಸ್‌ಇ, ಕೆಳಗ ಇರಿವಿ ಅಕ್ಷರದಾಗ "ಪ್ಯಾಟರ್ನ್". ಪ್ಯಾಟರ್ನ್ ಅಂದ್ರ ಪುಸ್ತಕ ಆ ನಮೂನಿವು, ಮಾನ್ಯತೆ ಮಾತ್ರ ಸ್ಟೇಟ್‌ದು. ಖರೇನ ಸಿಬಿಎಸ್‌ಇ ಇದ್ರ ಅಫಿಲಿಯೇಶನ್ ನಂಬರ್ ಇರತೈತಿ, ಬೋರ್ಡಿನ ವೆಬ್‌ಸೈಟ್‌ದಾಗ ಹಾಕಿ ನೋಡಬಹುದು. ಯಾ ಸಾಲಿ ಇದ್ರೂ ಯು-ಡೈಸ್ ಕೋಡ್ ಕೇಳ್ರಿ, ಸರ್ಕಾರ ಪ್ರತಿ ಸಾಲಿಗೂ ಕೊಡೂ ನಂಬರ್ ಅದು, ಹನ್ನೊಂದು ಅಂಕಿ ಇರತೈತಿ, ನಮ್ಮ ರಾಜ್ಯದ್ದು 29ರಿಂದ ಚಾಲೂ ಆಗತೈತಿ. ನಾ ಕೇಳಿದ್ದಕ್ಕ ಆಫೀಸಿನ ಹುಡುಗ ನನ್ನ ಮಾರಿ ನೋಡಿ "ಮ್ಯಾಡಮ್ ನೀವು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವ್ರೇನ್ರಿ?" ಅಂದ.

ಇನ್ನೊಂದು ಕಡೆ ನನ್ನ ಮಗನಿಗೆ ಒಳಗ ಕೂಡಿಸಿ ಟೆಸ್ಟ್ ತಗೊಂಡ್ರು. ಒಂದನೇತ್ತಾಕ್ಕ! ಹಣ್ಣಿನ ಚಿತ್ರ ತೋರಿಸಿ ಇಂಗ್ಲಿಷಿನ್ಯಾಗ ಹೆಸರು ಹೇಳಂದ್ರು, ಅಂವ ಪೇರಲ ಹಣ್ಣಿಗೆ ಪೇರಲ ಅಂದ, ಅವರು ತಲಿ ಅಲ್ಲಾಡಿಸಿದ್ರು. ಆರ್‌ಟಿಇ ಅಂದ್ರ ಶಿಕ್ಷಣ ಹಕ್ಕು ಕಾಯ್ದೆಯೊಳಗ 13ನೇ ಕಲಂ ಐತಿ, ಸೇರಸ್ಕೊಳ್ಳು ಮುಂದ ಮಗೂಗಾಗಲಿ ತಂದಿತಾಯಿಗಾಗಲಿ ಪರೀಕ್ಷಾ ಮಾಡಂಗಿಲ್ಲ, ಡೊನೇಶನ್ನೂ ತಗೊಳ್ಳಂಗಿಲ್ಲ, ಮಾಡಿದ್ರ ದಂಡ. ಇದು ನನಗ ಆಗ ಗೊತ್ತಿತ್ತು, ಆದ್ರೂ ಬಾಯಿ ಮುಚ್ಕೊಂಡು ಹೊರಗ ಕುಂತಿದ್ದೆ. ಸೀಟ್ ಬೇಕಾದಾಗ ಕಾಯ್ದೆ ಗಂಟಲದಾಗ ಸಿಗಾಕೊಳ್ಳತೈತಿ ನೋಡ್ರಿ. ಅಲ್ಲಿ ಡೊನೇಶನ್ ಅಂತ ಯಾರೂ ಅನ್ನಲಿಲ್ಲ, "ಡೆವಲಪ್‌ಮೆಂಟ್" ಅಂದ್ರು, ಚೀಟಿ ಕೇಳಿದ್ರ ಚೀಟಿ ಇಲ್ಲ ಅಂದ್ರು. ಎದ್ದ ಬಂದ್ವಿ.

ವಯಸ್ಸಿನ ವಿಚಾರ ಒಂದು. ಮಗ ಆಗಸ್ಟ್‌ದಾಗ ಹುಟ್ಟಿದಾಂವ, ಜೂನ್ 1ಕ್ಕ ಆರು ತುಂಬಿದ್ದಿಲ್ಲ. 2025-26ಕ್ಕ ಮಾತ್ರ ಸರ್ಕಾರ ಐದು ವರ್ಷ ಐದು ತಿಂಗಳಿಗೆ ಇಳಿಸಿತ್ತು ಅದಕ್ಕ ಪಾರಾದ್ವಿ. ನಿಮ್ಮ ಮಗೂ ಅಂಚಿನ್ಯಾಗ ಇದ್ರ ಮೊದಲ ತಾರೀಖು ಲೆಕ್ಕ ಹಾಕ್ರಿ, ಆಮ್ಯಾಲ ಸಾಲಿ.

ಆರ್‌ಟಿಇ ಸೀಟ್ ಫ್ರೀ ಸಿಗತೈತಿ ಹಾಕ್ರಿ ಅಂತ ಹೇಳವ್ರು ಬಾಳ ಮಂದಿ. 2019ರಿಂದ ನಮ್ಮ ರಾಜ್ಯದಾಗ ಬಾಜೂಕ ಸರ್ಕಾರಿ ಅಥವಾ ಅನುದಾನಿತ ಸಾಲಿ ಇದ್ರ ಖಾಸಗಿಯೊಳಗ ಆ ಸೀಟ್ ಸಿಗೂದಿಲ್ಲ, ಸಿಟಿಯೊಳಗ ಸರ್ಕಾರಿ ಸಾಲಿ ಇಲ್ಲದ ಓಣಿ ಹುಡುಕೂದು ಅಂದ್ರ ಮುಗೀತು. ಮಗಳಿಗೆ ಮಿಲಿಟರಿ ಸ್ಕೂಲ್, ಸೈನಿಕ ಸ್ಕೂಲ್ ನೋಡ್ರಿ ಅಂದವ್ರೂ ಇದ್ರು, ಅವಕ್ಕ ಎಂಟ್ರನ್ಸ್ ಬರೂದು ಆರನೇತ್ತಾ ಮತ್ತ ಒಂಬತ್ತನೇತ್ತಾಕ್ಕ, ಈಕಿ ಎಂಟು.

ಒಂದು ಸರ್ಕಾರಿ ಸಾಲಿಗೂ ಹೋಗಿದ್ವಿ, ಇದನ್ನ ಬರೀಲಿಕ್ಕ ಬೇಕು. ಮುಖ್ಯೋಪಾಧ್ಯಾಯಿನಿ ಬಾಯಾರು ತಾವ ಎದ್ದ ಬಂದು ಎಲ್ಲಾ ರೂಮ್ ತೋರಿಸಿದ್ರು, ಬಿಸಿಯೂಟದ ಅಡಗಿಮನಿ ಸುದ್ದಾ, ವಾರದಾಗ ಆರೂ ದಿನ ತತ್ತಿ, ಬ್ಯಾಡಂದವ್ರಿಗೆ ಬಾಳಿಹಣ್ಣು. ಖಾಸಗಿಯವ್ರು ಒಬ್ಬರೂ ಆಫೀಸ್ ದಾಟಿ ಒಳಗ ಬಿಟ್ಟಿದ್ದಿಲ್ಲ ನಮಗ. ಮಗಳು ಒಂದನೇತ್ತಾದಿಂದ ಇಂಗ್ಲಿಷ್ ಮೀಡಿಯಮ್, ಅಲ್ಲಿ ಎಂಟನೇತ್ತಾಕ್ಕ ಇದ್ದಿದ್ದಿಲ್ಲ, ಹಂಗಾಗಿ ಆಗಲಿಲ್ಲ. ಮಗನಿಗೆ ಆಗತಿತ್ತು. ಹಾಕಲಿಲ್ಲ. ಕಾರಣ ಏನಂತ ನನ್ನ ಅತ್ತಿಯವ್ರು ಕೇಳಿದ್ರು, ನನ್ನ ಹತ್ರ ಉತ್ತರ ಇದ್ದಿಲ್ಲ.

ಕಡೀಕ ಸಾಲಿ ಆರಿಸಿದ್ದು ಯಾರ ಮಾತ ಕೇಳಿ ಗೊತ್ತೇನ್ರಿ, ಝೆರಾಕ್ಸ್ ಅಂಗಡಿ ಕಾಕಾರ ಮಾತ. ಸಾಲಿ ಮುಂದ ಇರೂ ಝೆರಾಕ್ಸ್, ಸ್ಟೇಶನರಿ ಅಂಗಡಿಯವ್ರಿಗೆ ಪ್ರಿನ್ಸಿಪಾಲರಿಗಿಂತ ಜಾಸ್ತಿ ಗೊತ್ತಿರತೈತಿ. ಯಾ ಸಾಲ್ಯಾಗ ವರ್ಷಕ್ಕ ಎಷ್ಟ್ ಟೀಚರ್ ಬಿಟ್ಟ ಹೋಗ್ತಾರು, ಬಯೋಡೇಟಾ ಪ್ರಿಂಟ್ ತಗಿಸಾಕ ಬರೋದು ಅಲ್ಲೇ ಅಲ್ರೀ! ಎಷ್ಟ್ ಪ್ರಾಜೆಕ್ಟ್ ಕೊಡ್ತಾರು, ಅವನ್ನ ಹುಡುಗೂರು ಮಾಡ್ತಾವೋ ತಾಯಂದ್ರು ಮಾಡ್ತಾರೋ, ಎಲ್ಲಾ ಹೇಳಿದ್ರು. "ಈ ಸಾಲ್ಯಾಗ ಗಣಿತದ ಸರ್ ಹತ್ತ ವರ್ಷಾತು ಅದ ಸರ್ ಅದಾರ ನೋಡ್ರಿ ತಂಗೀ" ಅಂದ್ರು. ಅಷ್ಟ ಸಾಕಾತು ನನಗ. ಸಾಲಿ ಬಿಡೂ ಹೊತ್ತಿಗೆ ಗೇಟ್ ಹತ್ರ ಅರ್ಧಾ ತಾಸು ನಿಂತೆ, ಹುಡುಗೂರು ನಕ್ಕೋತ ಹೊರಗ ಬಂದ್ವು, ಶರ್ಟ್ ಹೊರಗ, ಗುಂಡಿ ಹರದು, ಮೈಯೆಲ್ಲಾ ಧೂಳ. ಗ್ರೌಂಡ್ ಐತಿ ಅಂತ ಗೊತ್ತಾತು. ಅಡ್ಮಿಷನ್ ಮಾಡಿಸಿ, ಆಮ್ಯಾಲ ಅದೇ ಕಡೆ, ಪಟ್ಟಿ ದಾಟಲಾರದಂಗ, ಟಿಳಕವಾಡಿಯೊಳಗ ಮನಿ ಹಿಡದ್ವಿ. ಸಣ್ಣ ಮನಿ, ಗಿಡ ಇಲ್ಲ.

ಟಿಸಿ ಕಥಿ ಬ್ಯಾರೆ. ಪೇಪರ್ ಟಿಸಿ ಕೈಯಾಗ ಇದ್ರ ಸಾಲದು, ಹಳೇ ಸಾಲಿಯವ್ರು ಸರ್ಕಾರದ ಹುಡುಗೂರ ದಾಖಲಾತಿ ವ್ಯವಸ್ಥಾ ಎಸ್‌ಎಟಿಎಸ್‌ದಾಗ ಆನ್‌ಲೈನ್ ಬಿಡಬೇಕು, ಇಲ್ಲಂದ್ರ ಹೊಸಾ ಸಾಲಿಯವ್ರಿಗೆ ಹುಡುಗಿ ಹೆಸರ ಬರೂದಿಲ್ಲ. ರಜಾ ಇತ್ತು, ಕ್ಲಾರ್ಕ್ ಊರಿಗೆ ಹೋಗಿದ್ರು. ಮೂರು ಸಲ ಬಾಗಲಕೋಟಿಗೆ ಬಸ್ಸು. ಸಾಮಾನು ಕಟ್ಟೂಕಿಂತ ಮೊದಲ ಇದನ್ನ ಮುಗಿಸ್ಕೊಂಡ ಬರ್ರಿ.

ಈಗ ಸಾಲಿ ಹೆಂಗೈತಿ ಅಂದ್ರ, ಗಣಿತದ ಸರ್ ಬಗ್ಗೆ ಕಾಕಾ ಹೇಳಿದ್ದು ಸುಳ್ಳಲ್ಲ, ಮಗಳು ಬೀಜಗಣಿತಕ್ಕ ಅಳೂದು ಬಿಟ್ಟಾಳ. ಲೈಬ್ರರಿ ಪೀರಿಯಡ್ ಖರೇನ ಲೈಬ್ರರಿಯೊಳಗ ನಡೀತೈತಿ. ಅರ್ಧಾ ಸ್ಟಾರ್ ಕಟ್ ಆಗಿದ್ದು ಪ್ರಾಜೆಕ್ಟಿಗೆ, ರಾತ್ರಿ ಒಂಬತ್ತಕ್ಕ ಥರ್ಮಾಕೋಲ್ ಹುಡಕ್ಕೊಂಡು ಆರ್‌ಪಿಡಿ ಕ್ರಾಸ್ ತನಕ ಹೋಗೇನಿ. ಇನ್ನೊಂದು ಪೂರ್ತಿ ಸ್ಟಾರ್ ಕಟ್ ಆಗಿದ್ದು ಮಳಿಗೆ. ಬಾಗಲಕೋಟಿ ಹುಡುಗೂರಿಗೆ ಮಳಿ ರಜಾ ಅಂದ್ರ ಏನಂತ ಗೊತ್ತಿಲ್ಲ, ಇಲ್ಲಿ ಜುಲೈದಾಗ ಹಗಲೂ ರಾತ್ರಿ ಹೊಡೀತೈತಿ, ಡಿಸಿ ಸಾಹೇಬ್ರು ರಜಾ ಕೊಟ್ಟಿದ್ದು ರಾತ್ರಿನ ಸುದ್ದಿಯೊಳಗ ಬಂದಿರತೈತಿ, ಸಾಲಿ ಗ್ರೂಪಿನ್ಯಾಗ ಮೆಸೇಜ್ ಬರೂದು ಮುಂಜಾನೆ ಏಳೂವರಿಗೆ, ಅಷ್ಟೊತ್ತಿಗೆ ಡಬ್ಬಿ ಕಟ್ಟಿ ಬೂಟ್ ಹಾಕಿ ಆಗಿರತೈತಿ. ಬೂಟ್ ಎರಡು ಜೋಡಿ ಇಡ್ರಿ. ಒಂದು ಒಣಗೂದಿಲ್ಲ, ಬೂಷ್ಟು ಹಿಡೀತೈತಿ.

ಏರಿಯಾ ಚೊಲೋ. ಟ್ಯೂಷನ್, ದವಾಖಾನಿ, ಕಾಯಿಪಲ್ಲೆ ಎಲ್ಲಾ ನಡಕೊಂಡ ಹೋಗೂವಷ್ಟು ಹತ್ರ, ಸಂಜಿಮುಂದ ಹೆಣ್ಣುಹುಡುಗೂರು ಸೈಕಲ್ ಮ್ಯಾಲ ಬಿಂದಾಸ್ ತಿರಗ್ತಾವು. ಬಾಡಿಗಿ ನವನಗರದ ಲೆಕ್ಕದಾಗ ನೋಡಿದ್ರ ಎದಿ ಒಡೀತೈತಿ. ಓಣ್ಯಾಗ ಮರಾಠಿ ಜಾಸ್ತಿ, ಮೊದಲ ಎರಡು ತಿಂಗಳು ಮಗ ಮೂಕನಂಗ ಕುಂತಿರತಿದ್ದ, ಈಗ ಕ್ರಿಕೆಟ್ ಆಡೂಮುಂದ ಮರಾಠಿಯೊಳಗ ಜಗಳ ತಗೀತಾನ, ಸೋತ್ರ ಕನ್ನಡದಾಗ ಅಳ್ತಾನ. ಸಾಲ್ಯಾಗ ಕನ್ನಡ ಹೆಂಗಾದ್ರೂ ಕಲೀಲಿಕ್ಕ ಬೇಕು, 2015ರ ಕಾಯ್ದೆ ಪ್ರಕಾರ ಯಾ ಬೋರ್ಡ್ ಇದ್ರೂ ಮೊದಲನೇ ಅಥವಾ ಎರಡನೇ ಭಾಷೆ ಕನ್ನಡ, ಅದರ ಚಿಂತಿ ಬ್ಯಾಡ.

ಒಂದು ಮಾತು ನಡುವ. ಬೀಳಗಿ ಕಡೆ ಹಳ್ಳಿಯೊಳಗ ಇರೂ ನಮ್ಮಣ್ಣ ತನ್ನ ಮಗನ್ನ ಏಳನೇತ್ತಾಕ್ಕ ನಮ್ಮಲ್ಲೆ ಬಿಡ್ತೇನಿ ಅಂದ. ಸಿಟಿ ಸಾಲಿ ಚೊಲೋ ಅಂತ. ನಾನು ತಡಿಯಣ್ಣಾ ಅಂದೆ. ಮುಂದ ಇಂಜಿನಿಯರಿಂಗ್ ಅಂಥಾ ಕೋರ್ಸಿಗೆ ಬರಿಯೂ ಸಿಇಟಿಯೊಳಗ ಗ್ರಾಮೀಣ ಕೋಟಾ ನೂರಕ್ಕ 15 ಐತಿ, ಅದು ಸಿಗಬೇಕಂದ್ರ ಒಂದರಿಂದ ಹತ್ತನೇತ್ತಾ ತನಕ ಹತ್ತೂ ವರ್ಷ ಹಳ್ಳಿ ಸಾಲ್ಯಾಗ ಕಲ್ತಿರಬೇಕು, ಕನ್ನಡ ಮಾಧ್ಯಮದ್ದು 5, ಅದಕ್ಕೂ ಹತ್ತ ವರ್ಷ. ಆರು ವರ್ಷ ಹಳ್ಳ್ಯಾಗ ಕಲ್ತು ಏಳನೇತ್ತಾಕ್ಕ ಟಿಳಕವಾಡಿಗೆ ತಂದು ಇಂಗ್ಲಿಷ್ ಮೀಡಿಯಮ್ ಹಾಕಿದ್ರ ಎರಡೂ ಹೋದ್ವು. ವೈನಿ ಸಿಟ್ಟಾದ್ರು, ನಾ ಇಟಗೊಳ್ಳಾಕ ಒಲ್ಲೆ ಅಂತ ನೆಪ ಹೇಳ್ತೇನಂತ ತಿಳದ್ರು. ಅಣ್ಣಗ ಸಿಇಟಿ ನಡಸೂ ಕೆಇಎ ಪುಸ್ತಕದಾಗಿನ ಹಾಳಿ ಫೋಟೋ ತಗದು ಕಳಿಸಿದ್ದೇನಿ, ನೋಡ್ಯಾನ, ಉತ್ತರ ಬಂದಿಲ್ಲ.

ಇನ್ನ ರಿಕ್ಷಾ ಮಾಮಾನ ಬಗ್ಗೆ. ಆರು ಹುಡುಗೂರು, ಏಳನೇದ್ದು ಹಾಕಂಗಿಲ್ಲ, ಎಷ್ಟ್ ರೊಕ್ಕ ಕೊಟ್ರೂ. ಬರೂದು ಎಂಟಕ್ಕ ಹತ್ತು ಕಮ್ಮಿ, ಗಡಿಯಾರ ಬ್ಯಾಡ. ಮಳ್ಯಾಗ ಎರಡೂ ಕಡೆ ತಾಡಪತ್ರಿ ಕಟ್ಟಿ, ಹುಡುಗೂರ ಬ್ಯಾಗಿಗೆ ಬ್ಯಾರೆ ಪ್ಲಾಸ್ಟಿಕ್ ಹೊದಿಸ್ತಾನ. ಒಂದು ದಿನ ಮಗನಿಗೆ ಸಾಲ್ಯಾಗ ಜ್ವರ ಬಂದು ನನ್ನ ಫೋನ್ ಹತ್ತಲಿಲ್ಲಂತ ಅವನ ಹೋಗಿ ಟೀಚರ್ ಹತ್ರ ನಿಂತು, ನಾ ಬರೂ ತನಕ ಮಗನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಿದ್ದ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗೀತು. ಮನಿ ಮಾಲಕರು ಸಾವಿರ ರೂಪಾಯಿ ಏರಿಸ್ತೇನಿ ಅಂದ್ರು. ನಮ್ಮ ಮನಿಯವ್ರು ರಾಮತೀರ್ಥನಗರದಾಗ ಒಂದು ಮನಿ ನೋಡಿ ಬಂದ್ರು, ಇದಕ್ಕಿಂತ ದೊಡ್ಡದು, ಬಾಡಿಗಿ ಕಮ್ಮಿ, ಮುಂದ ಬೇವಿನ ಗಿಡ ಐತಂತ. ಅಲ್ಲಿಂದ ಸಾಲಿಗೆ ಬರಬೇಕಂದ್ರ ಚನ್ನಮ್ಮ ಸರ್ಕಲ್ ದಾಟಬೇಕು. ಮಾಮಾಗ ಕೇಳಿದೆ, ಅಷ್ಟ ದೂರ ತನಗ ಆಗೂದಿಲ್ಲ ಬಾಯಿ ಅಂದ. ಆಯಿತವಾರ ಹೋಗಿ ಸಾವಿರ ಜಾಸ್ತಿ ಕೊಟ್ಟು ಸಹಿ ಮಾಡಿ ಬಂದ್ವಿ.