1033: ಕರಾವಳಿ ದಾರಿಗೆ ಎಷ್ಟು ಉಪಯೋಗ?

ಗಾಡಿ ಕೆಟ್ಟು ನಿಂತರೆ 1033 ಒತ್ತಿ, ಒಳ್ಳೆಯದೇ. ಘಟ್ಟ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯಲು ಮಾತ್ರ ಅದೊಂದನ್ನೇ ನಂಬಿ ಹೊರಡಬೇಡಿ.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಈ ಸಹಾಯವಾಣಿ 2018ರಿಂದ ಇದೆ. ದಿನವಿಡೀ ನಡೆಯುತ್ತದೆ, ದುಡ್ಡಿಲ್ಲ. ಉತ್ತರ ಕನ್ನಡ ಜಿಲ್ಲೆಯ ಮಾಜಾಳಿಯಿಂದ ಭಟ್ಕಳದ ತನಕ, ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಪಘಾತ, ಪಂಕ್ಚರಾದ ಲಾರಿ, ಹೊಂಡ, ಫಾಸ್ಟ್ಯಾಗ್ ತಕರಾರು, ಯಾವುದನ್ನೂ ಹೇಳಬಹುದು. ಆದರೆ ಫೋನು ಎತ್ತುವವರು ಊರಿನವರಲ್ಲ. 'ಶಿರೂರು ಹತ್ತಿರ' ಎಂದರೆ ಸಾಲದು: ಇದೇ 66ರಲ್ಲಿ ಅಂಕೋಲೆಗೊಂದು ಶಿರೂರು, ಬೈಂದೂರಿಗೊಂದು ಶಿರೂರು! ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲೂ ಇರುತ್ತದೆ. ಗೋವಾ ಕಡೆಯ ಬದಿಯೋ ಮಂಗಳೂರು ಕಡೆಯದೋ ಎಂಬುದನ್ನೂ ಸೇರಿಸಿ. ಡಿವೈಡರ್ ಇರುವಲ್ಲಿ ಅದು ತಪ್ಪಿದರೆ ಕ್ರೇನ್ ಆಚೆ ಬದಿಗೆ ಬಂದು, ಮುಂದಿನ ತಿರುವಿನ ತನಕ ಹೋಗಿ ವಾಪಸಾಗಬೇಕು. ಹಳಬರ ಬಾಯಲ್ಲಿ ಈ ಹೆದ್ದಾರಿಗೆ ಈಗಲೂ ಹಳೇ ನಂಬರು 17, ಅಂಕೋಲೆ–ಹುಬ್ಬಳ್ಳಿ ಹೆದ್ದಾರಿಗೆ 63. ಫೋನಿನಲ್ಲಿ 66, 52 ಅನ್ನಿ.

ಕಲ್ಲಿನ ತಲೆ ಹಳದಿ ಇದ್ದರೆ ಮಾತ್ರ 1033. ಹಸಿರಿದ್ದರೆ ರಾಜ್ಯ ಹೆದ್ದಾರಿ, ಅಲ್ಲಿ ತುರ್ತಿಗೆ 112. ಕದ್ರಾದಿಂದ ಅಣಶಿ ಘಟ್ಟ ಹತ್ತುವ ದಾರಿ ಹಸಿರಿನದು.

ದಾರಿ ಮುಚ್ಚಿದ ಸುದ್ದಿಗೆ ಜಿಲ್ಲಾ ತುರ್ತು ಕೇಂದ್ರದ 1077 ವಾಸಿ. ಘಟ್ಟದಲ್ಲಿ ಭಾರಿ ವಾಹನ ನಿಷೇಧಿಸುವ ಆದೇಶ ಹೊರಡುವುದೇ ಜಿಲ್ಲಾಧಿಕಾರಿಗಳಿಂದ. ಹೊರ ಜಿಲ್ಲೆಯಿಂದ ಮಾಡುವವರು 1077ರ ಮೊದಲು ಕಾರವಾರದ ಎಸ್‌ಟಿಡಿ ಕೋಡ್ 08382 ಸೇರಿಸಬೇಕು. ಬರೀ 1077 ಒತ್ತಿದರೆ ನೀವಿರುವ ಜಿಲ್ಲೆಯ ಕೇಂದ್ರ ಎತ್ತೀತು. 'ರಸ್ತೆ ಓಪನ್ ಇದೆಯಾ?' ಎಂದಷ್ಟೇ ಕೇಳಿದರೆ ಬೈಕಿಗೆ ತೆರೆದದ್ದನ್ನೂ 'ಇದೆ' ಎಂದಾರು. ಯಾವ ಗಾಡಿಗೆ, ಎಷ್ಟು ಹೊತ್ತಿನ ತನಕ, ಬದಲಿ ದಾರಿ ಯಾವುದು ಎಂದು ಕೇಳಿ. ಕೇಳುವುದನ್ನು ಘಟ್ಟ ಹತ್ತುವ ಮೊದಲು ಕೆಳಗೇ ಮುಗಿಸಿ: ದೇವಿಮನೆ ಘಟ್ಟಕ್ಕೆ ಕತಗಾಲಿನಲ್ಲಿ, ಅರಬೈಲು ಘಟ್ಟಕ್ಕೆ ಅಂಕೋಲೆಯಲ್ಲಿ. ಘಟ್ಟದ ತಿರುವುಗಳಲ್ಲಿ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ.

ಆದರೂ 1077 ಪ್ರವಾಹ, ಗಾಳಿಮಳೆ, ಮರ ಬಿದ್ದದ್ದು ಎಲ್ಲಕ್ಕೂ ಇರುವ ನಂಬರು. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನ ಗುಡ್ಡ ಕುಸಿಯಿತು, ಆಗಸ್ಟ್ 7ರ ನಸುಕಿಗೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಂಥ ದಿನ ಊರೆಲ್ಲ ಒಂದೇ ಪ್ರಶ್ನೆ ಕೇಳುತ್ತದೆ. ಒಬ್ಬೊಬ್ಬರಿಗೂ ಮನುಷ್ಯರೇ ಉತ್ತರಿಸುತ್ತ ಕೂತರೆ, ಮನೆಗೆ ನೀರು ನುಗ್ಗಿದವರಿಗೆ ಲೈನು ಸಿಗುವುದಿಲ್ಲ. ಅಮೆರಿಕದಲ್ಲಿ 2000ದಲ್ಲೇ 511 ಎಂಬ ನಂಬರನ್ನು ರಸ್ತೆ ಮಾಹಿತಿಗೆಂದೇ ಎತ್ತಿಟ್ಟರು: ರಸ್ತೆಯ ಹೆಸರು ಹೇಳಿದರೆ ಧ್ವನಿಮುದ್ರಿತ ಉತ್ತರ.

ಇಲ್ಲೂ ಅಂಥದ್ದೊಂದು ನಂಬರು ಬರಲಿ, ಅಷ್ಟು ದೊಡ್ಡದು ಬೇಡ. ದೇವಿಮನೆಗೆ 1, ಅರಬೈಲಿಗೆ 2, ಅಣಶಿಗೆ 3, ಗೇರುಸೊಪ್ಪೆಗೆ 4 ಒತ್ತಿದರೆ ಅರ್ಧ ನಿಮಿಷದ ಕನ್ನಡ ಮಾತು ಸಾಕು. ಅದು ಎಷ್ಟು ಗಂಟೆಗೆ ಹೇಳಿದ್ದು ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು. ಮಳೆಗಾಲದಲ್ಲಿ ಬೆಳಗಿನ 'ತೆರೆದಿದೆ' ಮಧ್ಯಾಹ್ನಕ್ಕೆ ಸುಳ್ಳಾಗಿರುತ್ತದೆ.