ಹೆಡ್ ಟಾರ್ಚಿನ ಜೊತೆ ಪುಕ್ಕಟೆ ಬರುವ ಚಾರ್ಜರ್: ಹುಷಾರು

ನಿಮ್ಮನೆಯಲ್ಲಿ ಹೆಡ್ ಟಾರ್ಚ್ ಇದೆಯಾ? ಅದರ ಡಬ್ಬಿಯಲ್ಲೇ ಬಂದ ಚಾರ್ಜರಿಗೆ ಸೆಲ್ ಹಾಕಿಟ್ಟಿದ್ದೀರಾ? ಹಾಗಾದರೆ ಮೊದಲು ಎದ್ದು ಹೋಗಿ ಅದನ್ನು ಪ್ಲಗ್ಗಿನಿಂದ ಕಿತ್ತು ಬನ್ನಿ, ಆಮೇಲೆ ಓದಿ. ಅಂಥದ್ದೇ ಒಂದು ಚಾರ್ಜರ್ ನಮ್ಮ ಜಗಲಿಗೆ ಬೆಂಕಿ ಹಚ್ಚುವುದರಲ್ಲಿತ್ತು.

ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತೇ ಬರುವುದು. ಕತ್ತಲಲ್ಲಿ ತೋಟಕ್ಕಿಳಿದು ಗೇಟ್‌ವಾಲ್ವ್ ತಿರುಗಿಸಬೇಕು, ಹಾವು ಹಂದಿ ನೋಡಿಕೊಂಡು ಬರಬೇಕು. ಹಾಗಾಗಿ ಹೆಡ್ ಟಾರ್ಚ್ ಇಲ್ಲದ ಮನೆ ಇಲ್ಲ. ಟಾರ್ಚು, ಎರಡು ಸೆಲ್ಲು, ಚಾರ್ಜರು ಎಲ್ಲ ಒಂದೇ ಡಬ್ಬಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಸೆಲ್ಲು ಅಂದರೆ ಹಳೇ ರೇಡಿಯೋಗೆ ಹಾಕುತ್ತಿದ್ದ ಥರದ್ದಲ್ಲ. 18650 ಅನ್ನುವ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿದರೆ ಒಳಗೆ ಸಿಗುವುದೂ ಇದೇ.

ಅವತ್ತು ಸಂಜೆ ಅಪ್ಪಯ್ಯ ಎರಡೂ ಸೆಲ್ ಚಾರ್ಜಿಗೆ ಹಾಕಿದ್ದರು. ಮಲಗುವ ಹೊತ್ತಿಗೆ ಹಸಿರು ದೀಪ ಬಂದಿತ್ತು. ಡಬ್ಬಿಯ ಮೇಲೆ ‘ಆಟೋ ಕಟ್ ಆಫ್’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಫುಲ್ ಆದಮೇಲೆ ತಾನೇ ನಿಲ್ಲುತ್ತದೆ ಅಂತಲೇ ಯಾರಾದರೂ ಅಂದುಕೊಳ್ಳುವುದು, ಅಲ್ವಾ? ನಡುರಾತ್ರಿ ಜಗಲಿಯಿಂದ ‘ಚಟ್’ ಅಂತ ಸದ್ದು, ಹಿಂದೆಯೇ ಕುಕ್ಕರ್ ಸೀಟಿ ಸರಿಯಾಗಿ ಕೂರದಿದ್ದರೆ ಬರುವಂಥ ಸುಂಯ್ ಶಬ್ದ. ಬಾಗಿಲು ತೆಗೆದರೆ ಬಿಳಿ ಹೊಗೆ, ಉಗುರುಬಣ್ಣದ ಥರ ಗಂಟಲಿಗೆ ಹಿಡಿಯುವ ವಾಸನೆ. ನಾನು ಓಡಿಹೋಗಿ ಮೇನ್ ಆಫ್ ಮಾಡಿದೆ. ಸ್ವಿಚ್ ಬೋರ್ಡಿನ ಕೆಳಗೆ ಸುಲಿದ ಅಡಿಕೆಯ ಗೋಣಿಚೀಲಗಳಿದ್ದವು. ಬಿಸಿ ಸೆಲ್ಲು ಮೇಲಿನ ಚೀಲಕ್ಕೆ ಬಿದ್ದು ಗೋಣಿ ಕೆಂಪಗೆ ಸುಡುತ್ತಿತ್ತು. ಅಪ್ಪಯ್ಯ ಆ ಚೀಲವನ್ನು ಅಂಗಳಕ್ಕೆ ಎಳೆದುಹಾಕಿ ಕೊಡಗಟ್ಟಲೆ ನೀರು ಸುರಿದರು. ಚಾರ್ಜರಿನ ಒಂದು ಬದಿ ಕರಗಿ ಬೋರ್ಡಿಗೇ ಅಂಟಿಕೊಂಡಿತ್ತು.

ಮಾರಿದವರಿಗೆ ಫೋನ್ ಮಾಡಿದರೆ ‘ರಾತ್ರಿಯಿಡೀ ಹಾಕಿಟ್ಟರೆ ನಾವೇನು ಮಾಡೋಣ’ ಅಂದರು. ಸರಿ, ಅದೇ ಮಾದರಿಯ ಚಾರ್ಜರ್ ಪಕ್ಕದ ಮನೆಯಲ್ಲೂ ಇತ್ತು. ಅದನ್ನು ಪೇಟೆಯ ಟಿವಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಒಂದು ಒಳ್ಳೇ ಸೆಲ್ ಹಾಕಿ, ಅದರ ಎರಡು ತುದಿಗೆ ಮಲ್ಟಿಮೀಟರ್ ಸಿಕ್ಕಿಸಿ ಕೂತರು. ಮೀಟರ್ 4.2 ವೋಲ್ಟ್ ಮುಟ್ಟುವ ಮೊದಲೇ ಹಸಿರು ದೀಪ ಹತ್ತಿತು. ಅಂಕಿ ಏರುತ್ತಲೇ ಹೋಯಿತು. 4.24 ಆಯಿತು, 4.29 ಆಯಿತು. ದೀಪ ಮಾತ್ರ ಅದೇ ಹಸಿರು. 4.31ಕ್ಕೆ ಅವರೇ ಕಿತ್ತು ಹಾಕಿದರು. ‘ಇದು ನಿಲ್ಸೋದೇ ಇಲ್ವಲ್ಲ ಮಾರಾಯ್ರೇ’ ಅಂದರು.

ಲಿಥಿಯಂ ಸೆಲ್ಲಿಗೆ 4.2 ವೋಲ್ಟ್ ಅಂದರೆ ಹೊಟ್ಟೆ ತುಂಬಿತು ಅಂತ ಲೆಕ್ಕ. ಹೆಚ್ಚುಕಮ್ಮಿ 0.05 ವೋಲ್ಟ್ ಆಚೀಚೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಸಹಿಸುವುದಿಲ್ಲ. ಸರಿಯಾದ ಚಾರ್ಜರ್ ಮೊದಲು ಒಂದೇ ಸಮ ಕರೆಂಟ್ ಕೊಡುತ್ತದೆ. 4.2 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಯಲು ಬಿಡುತ್ತದೆ. ಅದು ಶುರುವಿನ ಹತ್ತನೇ ಒಂದು ಭಾಗದಷ್ಟಕ್ಕೆ ಇಳಿದಾಗ ಪೂರ್ತಿ ಬಂದ್ ಮಾಡುತ್ತದೆ. ಬಂದ್ ಮಾಡದೆ ತುರುಕುತ್ತಾ ಹೋದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಕೂರಲು ಶುರುವಾಗುತ್ತದೆ, ಪಾಸಿಟಿವ್ ಕಡೆಯ ವಸ್ತು ಕೆಡುತ್ತದೆ, ಬಿಸಿ ಏರುತ್ತದೆ. ಒಂದು ಹಂತ ದಾಟಿದರೆ ಚಾರ್ಜರ್ ಕಿತ್ತರೂ ಸೆಲ್ ತನ್ನಷ್ಟಕ್ಕೇ ಬಿಸಿಯಾಗುತ್ತಾ ಹೋಗುತ್ತದೆ.

ರಿಪೇರಿಯವರು ಚಾರ್ಜರನ್ನು ಬಿಚ್ಚಿಯೂ ತೋರಿಸಿದರು. ನನಗೆ ಜಾಸ್ತಿ ಹೆದರಿಕೆಯಾಗಿದ್ದು ಅಲ್ಲಿ. 230 ವೋಲ್ಟ್ ಬರುವ ಗೆರೆಗೂ ಸೆಲ್ಲಿಗೆ ಹೋಗುವ ಗೆರೆಗೂ ನಡುವೆ ಒಂದು ಬೆಂಕಿಕಡ್ಡಿಯ ದಪ್ಪವೂ ಜಾಗ ಇರಲಿಲ್ಲ. ಸ್ವಲ್ಪ ತೇವ ಹಿಡಿದರೆ, ಇಲ್ಲಾ ಒಂದು ಇರುವೆ ಸತ್ತು ಬಿದ್ದರೆ, ನಾವು ಬೆರಳಿಟ್ಟು ಎಳೆಯುವ ಆ ಸ್ಪ್ರಿಂಗಿಗೇ ಮನೆ ಕರೆಂಟ್ ಬರಬಹುದು. ಮಲೆನಾಡಿನ ಮಳೆಗಾಲ ಗೊತ್ತಲ್ಲ.

ಈಗ ಬೇರೆ ಚಾರ್ಜರ್ ತಂದಿದ್ದೇವೆ. ಟಾರ್ಚಿಗಿಂತ ಚಾರ್ಜರೇ ದುಬಾರಿ ಆಯ್ತಲ್ಲ ಅಂತ ಅಪ್ಪಯ್ಯ ಗೊಣಗಿದರು, ಗೊಣಗಲಿ. ಅದು ಗೋಡೆಗೆ ನೇರ ಸಿಕ್ಕಿಸುವಂಥದ್ದಲ್ಲ. ಯುಎಸ್‌ಬಿ ವೈರಿನಿಂದ ನಡೆಯುತ್ತದೆ, ಹಾಗಾಗಿ 230 ವೋಲ್ಟ್ ಫೋನಿನ ಅಡಾಪ್ಟರಿನಲ್ಲೇ ಉಳಿಯುತ್ತದೆ. ಆ ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ನೋಡಿ, ಸುಮ್ನೆ ಅಚ್ಚು ಹಾಕಿದವರೂ ಇರುತ್ತಾರೆ. ಹೊಸ ಚಾರ್ಜರಿನಲ್ಲಿ ಒಂದೊಂದು ಸೆಲ್ಲಿಗೂ ಬೇರೆ ಬೇರೆ ವೋಲ್ಟ್ ಕಾಣಿಸುತ್ತದೆ, ತಿರುಗಾಮುರುಗಾ ಹಾಕಿದರೆ ಶುರುವೇ ಆಗುವುದಿಲ್ಲ. 18650ಕ್ಕೆ ಅರ್ಧದಿಂದ ಒಂದು ಆಂಪಿಯರ್ ಸಾಕು. ಬೇಗ ಆಗಲಿ ಅಂತ ಏರಿಸಬೇಡಿ.

ಇನ್ನೊಂದು ಎಡವಟ್ಟು ಸುಲಭವಾಗಿ ಆಗುತ್ತದೆ. 14500 ಅನ್ನುವ ಲಿಥಿಯಂ ಸೆಲ್ ನೋಡಲು ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ಲಿನಷ್ಟೇ ಇರುತ್ತದೆ. ಅದು 3.7 ವೋಲ್ಟ್. ಅದೇ ಗಾತ್ರದ ನಿಕ್ಕಲ್ ರೀಚಾರ್ಜ್ ಸೆಲ್ 1.2 ವೋಲ್ಟ್. ಲಿಥಿಯಂಗೆ ಮಾತ್ರ ಮಾಡಿದ ಚಾರ್ಜರಿಗೆ ನಿಕ್ಕಲ್ ಸೆಲ್ ಹಾಕಲೇಬೇಡಿ. ಸೆಲ್ ಮೇಲೆ ಬರೆದಿದ್ದನ್ನು ಓದಿಯೇ ಹಾಕಿ.

ಬರೆದಿದ್ದರ ಮಾತು ಬಂತಲ್ಲ, ನಮ್ಮ ಸೆಲ್ಲಿನ ಮೇಲೆ 9900 ಎಂಎಎಚ್ ಅಂತಿತ್ತು. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು. ಶುದ್ಧ ಸುಳ್ಳು! ಹೆಸರುವಾಸಿ ಕಂಪನಿಗಳ 18650 ಸೆಲ್ಲುಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಇಂಥ ಅಂಕಿ ಕಂಡರೆ ಚಾರ್ಜರ್ ಒಂದೇ ಅಲ್ಲ, ಸೆಲ್ಲನ್ನೂ ನಂಬಬೇಡಿ. ಮೇಲಿನ ಪ್ಲಾಸ್ಟಿಕ್ ಕವಚ ಹರಿದ ಸೆಲ್ಲೂ ಬೇಡ. ಕವಚದ ಕೆಳಗಿನ ಲೋಹವೆಲ್ಲ ನೆಗೆಟಿವ್, ಪಾಸಿಟಿವ್ ತುದಿಯ ಹತ್ತಿರ ಏನಾದರೂ ಎರಡಕ್ಕೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಹಳೇ ಚಾರ್ಜರ್ ಹೇಗಿದೆ ಅಂತ ನೋಡಬೇಕಾದರೆ ಒಂದು ಮಲ್ಟಿಮೀಟರ್ ಸಾಕು. ಹಗಲು ಹೊತ್ತಲ್ಲಿ, ಕಲ್ಲು ನೆಲದ ಮೇಲಿಟ್ಟು, ಎದುರಿಗೇ ಕೂತು ಮಾಡಿ. ಹಸಿರು ದೀಪ ಬಂದು ಸ್ವಲ್ಪ ಹೊತ್ತಾದ ಮೇಲೆ ಸೆಲ್ ತೆಗೆದು ಅಳೆಯಿರಿ. 4.20ರ ಹತ್ತಿರ ಇದ್ದರೆ ಸರಿ. 4.25 ದಾಟಿದ್ದರೆ ಆ ಚಾರ್ಜರ್ ಮನೆಯಲ್ಲಿರಬಾರದು. ಪ್ಲಗ್ಗಿನ ಕಡ್ಡಿ ಮುರಿದೇ ಎಸೆಯಿರಿ, ಇಲ್ಲದಿದ್ದರೆ ಇನ್ಯಾರೋ ಎತ್ತಿಕೊಂಡು ಹೋಗಿ ಹಾಕುತ್ತಾರೆ. ಅದರಲ್ಲಿ ಚಾರ್ಜ್ ಆಗುತ್ತಿದ್ದ ಸೆಲ್ಲುಗಳನ್ನೂ ಇನ್ನು ಬಳಸಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಜೊತೆ ಬೆಂಕಿಗೆ ಹಾಕಬೇಡಿ.

ನಮ್ಮ ದೂರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೋಗಿದೆ. ಕರಗಿದ ಚಾರ್ಜರ್, ಬಿಲ್ಲು, ‘ಆಟೋ ಕಟ್ ಆಫ್’ ಅಂತ ಬರೆದ ಡಬ್ಬಿ, ಮೂರನ್ನೂ ಎತ್ತಿಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ಡಬ್ಬಿ ಎಸೆಯಬೇಡಿ.