ಮಾವು ಮಾಗಿಸುವ ಕೊಠಡಿ: ಹಣ್ಣಿಗೆ ನಾಲ್ಕು ಸ್ಟಾರ್, ಒಳಗಿನ ಗಾಳಿಗೆ ಎರಡೇ

ಜಯನಗರದಲ್ಲಿ ನಮ್ಮದು ಸಣ್ಣ ಹಣ್ಣಿನಂಗಡಿ. ಈ ಸೀಸನ್‌ನಲ್ಲಿ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಿಂದ ತಂದ ಬಾದಾಮಿ, ರಸಪುರಿ ಮಾವಿನಕಾಯನ್ನು ನಗರದ ಹೊರಗಿನ ಒಂದು ಎಥಿಲೀನ್ (ಕಾಯಿ ಮಾಗಿಸುವ ಗ್ಯಾಸ್) ಕೊಠಡಿಗೆ ಕೊಟ್ಟು ಮಾಗಿಸಿಕೊಂಡೆವು. ದೂರು ಇರುವುದರಿಂದ ಹೆಸರು ಹಾಕುವುದಿಲ್ಲ.

ಮೊದಲು ಹಣ್ಣು. ಬಣ್ಣ ಒಂದೇ ಸಮ ಬಂದಿತ್ತು, ತೊಟ್ಟಿನ ಹತ್ತಿರವೂ ಹಸಿರು ಉಳಿದಿರಲಿಲ್ಲ, ಕುಯ್ದರೆ ಒಳಗೂ ಹಣ್ಣೇ. ರಸಪುರಿ ಸ್ವಲ್ಪ ಮೆತ್ತಗಾಗಿತ್ತು, ಅದು ಕಾಯಿ ಎಷ್ಟು ಬಲಿತಿತ್ತು ಅನ್ನುವುದರ ಮೇಲೆ ಹೋಗುತ್ತದೆ, ಅವರನ್ನು ಬೈಯುವ ಹಾಗಿಲ್ಲ. ಬಾಡಿಗೆ ಜಾಸ್ತಿ ಅನ್ನಿಸಿತು.

ನಾನು ನೋಡಿದ್ದು ಜಾಸ್ತಿ ಅಲ್ಲಿ ಕ್ರೇಟ್ ಎತ್ತುವವರನ್ನ. ಒಬ್ಬರು ಕೋಲಾರದ ಕಡೆಯವರು, ಮುಂಚೆ ಒಂದು ಮಂಡಿಯಲ್ಲಿ ಕಾಯಿ ಬೇಗ ಮಾಗಲಿ ಅಂತ ಕಾರ್ಬೈಡ್ ಅನ್ನುವ ರಾಸಾಯನಿಕದ ಪುಡಿಯನ್ನು ಪೇಪರ್‌ನಲ್ಲಿ ಪೊಟ್ಟಣ ಕಟ್ಟಿ ಕಾಯಿ ಮಧ್ಯೆ ಇಡುವ ಕೆಲಸ ಮಾಡಿದವರು. "ಇಲ್ಲಿ ಹೇಗಣ್ಣಾ, ಪರವಾಗಿಲ್ವಾ?" ಅಂದೆ. "ಕಣ್ಣು ಉರಿಯಲ್ಲ ಸಾರ್, ಅಷ್ಟು ಸಾಕು. ಅಲ್ಲಿ ರಾತ್ರಿಯೆಲ್ಲಾ ಕೆಮ್ತಿದ್ದೆ," ಅಂದರು.

ಕೆಮ್ಮದೇ ಇನ್ನೇನು? ಕಾರ್ಬೈಡ್ ಪುಡಿಗೆ ತೇವ ತಾಗಿದರೆ ಅಸಿಟಿಲೀನ್ ಗ್ಯಾಸ್ ಬರುತ್ತದೆ, ಹಿಂದೆ ಸುಣ್ಣ ಉಳಿಯುತ್ತದೆ. ಬೆವರು ಕೈ, ಮೂಗು, ಗಂಟಲು ಎಲ್ಲಾ ತೇವವೇ ಅಲ್ವಾ, ಹಾಗಾಗಿ ಉಸಿರಿನ ಜೊತೆ ಹೋದ ಪುಡಿ ಅಲ್ಲೇ ಸುಡುತ್ತದೆ, ಜಾಸ್ತಿ ಹೋದರೆ ಶ್ವಾಸಕೋಶದಲ್ಲಿ ನೀರೇ ತುಂಬಿಕೊಳ್ಳಬಹುದು. ಕಾರ್ಬೈಡ್ ಇಟ್ಟ ಗೋದಾಮಿನಲ್ಲಿ ಬರುವ ಆ ಬೆಳ್ಳುಳ್ಳಿ ವಾಸನೆ ಅಸಿಟಿಲೀನ್‌ನದ್ದಲ್ಲ. ಅದರ ಜೊತೆ ಬರುವ ಫಾಸ್ಫೀನ್‌ನಂಥ ಕಲಬೆರಕೆ ಗ್ಯಾಸ್‌ನದ್ದು, ಅದು ಇನ್ನೂ ಕೆಟ್ಟದ್ದು. ಪುಡಿಯಲ್ಲಿ ಆರ್ಸೆನಿಕ್ ಅನ್ನುವ ವಿಷದ ಅಂಶವೂ ಇರಬಹುದು. ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ, 2011ರ ಆಹಾರ ಸುರಕ್ಷತಾ ನಿಯಮದಲ್ಲೂ ಅದು ಸ್ಪಷ್ಟವಾಗಿದೆ. ಎಥಿಲೀನ್‌ಗೆ ಒಪ್ಪಿಗೆ ಇದೆ, 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು.

ಹಾಗಾದರೆ ಎರಡು ಸ್ಟಾರ್ ಯಾಕೆ? ಎಥಿಲೀನ್ ಆ ಪ್ರಮಾಣದಲ್ಲಿ ಉಸಿರಿಗೆ ತೊಂದರೆ ಕೊಡುವುದಿಲ್ಲ. ಆದರೆ ಹಣ್ಣೂ ಉಸಿರಾಡುತ್ತದೆ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಮಾವು ಬಿಡುವ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. 1 ಪರ್ಸೆಂಟ್ ದಾಟಿದರೆ ಹಣ್ಣೇ ಸರಿಯಾಗಿ ಮಾಗುವುದಿಲ್ಲ, ಅದಕ್ಕೇ ಆಗಾಗ ಗಾಳಿ ಬಿಡಬೇಕು. ಮನುಷ್ಯರಿಗೆ ದಿನಕ್ಕೆ 8 ಗಂಟೆ ಕೆಲಸಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ ಅದರಲ್ಲೂ ಅರ್ಧ, 0.5 ಪರ್ಸೆಂಟ್. ಅಂದರೆ ಹಣ್ಣಿಗೆ ಸರಿ ಇರುವ ಗಾಳಿ ಹುಡುಗರಿಗೆ ಸರಿ ಇರಬೇಕು ಅಂತೇನಿಲ್ಲ. ಅದು ತುಂಬಾ ಏರಿದರೆ ತಲೆನೋವು, ತಲೆಸುತ್ತು, ಏದುಸಿರು ಶುರುವಾಗುತ್ತದೆ, ಸೆಕೆಗೆ ಅಂದುಕೊಂಡು ಸುಮ್ನೆ ಇರುತ್ತಾರೆ.

ಇಲ್ಲಿ ಬಾಗಿಲು ತೆಗೆದ ತಕ್ಷಣ ಇಬ್ಬರು ಒಳಗೆ ನುಗ್ಗಿದರು. ಫ್ಯಾನ್ ಹಾಕಿ ಸ್ವಲ್ಪ ಹೊತ್ತು ಕಾಯುವುದು ಬೇಡವೇ? ಗ್ಯಾಸ್ ತೋರಿಸುವ ಮೀಟರ್ ನನಗೆ ಎಲ್ಲೂ ಕಾಣಲಿಲ್ಲ. ಮಾಲೀಕರನ್ನು ಕೇಳಿದರೆ "ಮಾಸ್ಕ್ ಕೊಟ್ಟಿದ್ದೀವಲ್ಲ" ಅಂತ ಗೋಡೆಗೆ ನೇತುಹಾಕಿದ ಬಟ್ಟೆ ಮಾಸ್ಕ್ ತೋರಿಸಿದರು. ಬಟ್ಟೆ ಮಾಸ್ಕ್ ಯಾವ ಗ್ಯಾಸನ್ನೂ ತಡೆಯಲ್ಲ ಸ್ವಾಮಿ, ಎನ್95 ಕೂಡ ಧೂಳಿಗೆ ಮಾತ್ರ. ಇಲ್ಲಿ ಬೇಕಿರುವುದು ಎಕ್ಸಾಸ್ಟ್ ಫ್ಯಾನ್, ಒಂದು ಮೀಟರ್, ಮತ್ತೆ ಒಳಗೆ ಹೋದವನ ಮೇಲೆ ಕಣ್ಣಿಡಲು ಬಾಗಿಲಲ್ಲಿ ಒಬ್ಬ.

ಮುಂದಿನ ಲೋಡೂ ಇಲ್ಲಿಗೇ ಕೊಡುತ್ತೇನೆ, ಕಾರ್ಬೈಡ್ ಮಂಡಿಗೆ ಮಾತ್ರ ಹೋಗಲಾರೆ. ಬೆಲೆ ಮಾತಾಡುವಾಗ ಮೀಟರ್ ವಿಷಯ ಮತ್ತೆ ಎತ್ತುವುದು ಅಂತಿದ್ದೇನೆ. ನೀವೂ ಅಂಗಡಿಯವರಾದರೆ ಕೊಠಡಿ ಬುಕ್ ಮಾಡುವ ಮುಂಚೆ ಒಮ್ಮೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನೋಡಿ.